ಬಾಗಿ ಅಕ್ಕನ ಬಾವಿ ನೀರು

ಡೊಂಬಿವಲಿ ಪೂರ್ವ
ಗುರುವಾರ, ನವೆಂಬರ್ 13

ಪ್ರೀತಿಯ ಬಾಗಿ ಅಕ್ಕನಿಗೆ ಪುಷ್ಪಾವತಿಯ ನಮಸ್ಕಾರಗಳು.

ಹೊತ್ತು ಗೊತ್ತಿಲ್ಲದೆ ಫೋನ್ ಮಾಡಿ ತಲೆ ತಿನ್ನುವವಳು ಇವತ್ತು ಕಾಗದ ಬರೆಯಲು ಕೂತಿದ್ದಾಳೆ, ಇವಳಿಗೆ ಎಂಥ ಆಯಿತಪ್ಪ ಅಂತ ಹೆದರಬೇಡಿ. ನಾನು ಗಟ್ಟಿಮುಟ್ಟಾಗಿಯೇ ಇದ್ದೇನೆ. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ, ಅದಕ್ಕೇ ಕಾಗದ. ನಾವು ಮಾತಾಡುವ ತುಳುವಿನಲ್ಲಂತೂ ಇನ್ನೂ ಸಲೀಸು. ಕನ್ನಡ ಬರೆಯಲು ಕೂತರೆ ಮಾತ್ರ ನನ್ನ ಟೀಚರ್ ಬುದ್ಧಿ ಎಚ್ಚರವಾಗುತ್ತದೆ, ತಪ್ಪಿದ್ದಲ್ಲಿ ಕೈ ತಾನಾಗಿ ನಿಲ್ಲುತ್ತದೆ. ನಿಮ್ಮ ರಮಿತಾಳ ಕೈಯಲ್ಲೇ ಕಳಿಸುತ್ತೇನೆ. ಮಗಳಿಗೆ ಕನ್ನಡ ಓದಲು ಬಾರದು ಅಂತ ನೀವು ಎಷ್ಟೋ ಸಲ ಬೇಜಾರು ಮಾಡಿಕೊಂಡಿದ್ದೀರಿ. ಇವತ್ತು ನನಗೆ ಅದೇ ಧೈರ್ಯ.

ನಿನ್ನೆ ಅವಳು ತಂದ ಬಸಳೆ ಕಟ್ಟು ತಲುಪಿತು. ಪಾಪ, ಟೀಚರಿಗೆ ರೈಲಿನಲ್ಲಿ ನಿಂತೂ ನಿಂತೂ ಸುಸ್ತಾಗಿರಬೇಕು, ಗಸಿ ಮಾಡಿ ಉಣ್ಣಲಿ ಅಂತ ಹೇಳಿ ಕಳಿಸಿದಿರಂತೆ. ಅಯ್ಯೋ ಅಕ್ಕ! ಒಣ ಸಿಗಡಿ ಹಾಕಿ ಗಸಿ ಮಾಡಿದೆ. ನಮ್ಮವರು ಮಾತಿಲ್ಲದೆ ಎರಡು ಸಲ ಬಡಿಸಿಕೊಂಡರು. ನಾನು ಮಾತ್ರ ಮಜ್ಜಿಗೆ ಅನ್ನ ಉಂಡು ಎದ್ದೆ.

ಮಂಗಳವಾರ ಕಲ್ಯಾಣದಲ್ಲಿ ಪಾಲಿಕೆಯವರು ಅಹವಾಲು ಕೇಳುವ ಸುನಾವಣಿಯಲ್ಲಿ ನಡೆದದ್ದನ್ನೆಲ್ಲ ನಮ್ಮ ಸಂಘದ ಮಹಿಳಾ ವಿಭಾಗದ ನಾಗವೇಣಿ ಬಂದು ಹೇಳಿದಳು. ಸಾಹೇಬರು ನಮ್ಮ ಅರ್ಜಿ ಎತ್ತಿಕೊಂಡು, ತರಕಾರಿ ಕೊಳ್ಳುವವರ ಪರವಾಗಿ ಯಾರು ಮಾತಾಡುತ್ತೀರಿ ಅಂತ ಕೇಳಿದಾಗ ಮಾತಾಡಬೇಕಾದ ನಾನೇ ಅಲ್ಲಿಲ್ಲ. ಆಗ ನೀವು ಎದ್ದು ನಿಂತಿರಂತೆ. ನಮ್ಮ ಟೀಚರ್ ರೈಲುಗಾಡಿಯಲ್ಲಿ ಸಿಕ್ಕಿಕೊಂಡಿದ್ದಾರೆ, ಅವರು ಸುಳ್ಳು ಹೇಳುವ ಹೆಂಗಸಲ್ಲ, ಅವರ ಮಾತು ಕೇಳದೆ ನಕ್ಷೆಯಲ್ಲಿ ನಮ್ಮ ಗದ್ದೆಯ ಬಣ್ಣ ಬದಲಾಯಿಸಬೇಡಿ ಅಂತ ನಿಮ್ಮ ಹರಕು ಮರಾಠಿಯಲ್ಲಿ ಕೈ ಮುಗಿದಿರಂತೆ. ಕೆಲವರು ನಕ್ಕರಂತೆ. ಆದರೂ ಸಾಹೇಬರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬರುವ ಮಂಗಳವಾರ ಕೊನೇ ಅವಕಾಶ ಅಂದರಂತೆ. ನಾಗವೇಣಿ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ಪಾತ್ರೆ ತೊಳೆದೆ.

ಗಾಡಿ ಎಲ್ಲಿಯೂ ನಿಂತಿರಲಿಲ್ಲ, ಅಕ್ಕ. ನಿಮಗಿಂತ ಮೊದಲೇ ನಾನು ಕಲ್ಯಾಣದಲ್ಲಿ ಇಳಿದಿದ್ದೆ. ಸ್ಕೈವಾಕ್ ಮೇಲೆ ನಿಂತು ನೋಡಿದರೆ ನೀವು, ಬೂಬಣ್ಣ ಗಂಡ ಹೆಂಡತಿ, ಪಕ್ಕದ ಗದ್ದೆಯವರು ಎಲ್ಲ ಕೆಳಗೆ ರಿಕ್ಷಾದವನ ಹತ್ತಿರ ಚೌಕಾಸಿ ಮಾಡುತ್ತಿದ್ದಿರಿ. ಬೂಬಣ್ಣ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ನಾನು ಕಂಬದ ಮರೆಗೆ ಸರಿದೆ. ಠಾಕುರ್ಲಿಯಲ್ಲಿ ಗಾಡಿ ನಿಂತುಬಿಟ್ಟಿದೆ ಅಂತ ಅಲ್ಲಿಂದಲೇ ನಿಮಗೆ ವಾಯ್ಸ್ ಮೆಸೇಜ್ ಹಾಕಿದೆ. ಹಿಂದುಗಡೆ ಸ್ಟೇಷನ್ನಿನ ಗಲಾಟೆ ಇದ್ದದ್ದು ಒಳ್ಳೆಯದಾಯಿತು ಅಂತ ಬೇರೆ ಅಂದುಕೊಂಡೆ, ನೋಡಿ ನನ್ನ ಬುದ್ಧಿ. ಮತ್ತೆ ಡೊಂಬಿವಲಿ ಗಾಡಿ ಹತ್ತಿ ಮನೆಗೆ ಬಂದೆ.

ಯಾಕೆ ಅಂತ ಕೇಳುತ್ತೀರಿ. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನೀವು ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಬದಿಯಲ್ಲಿ ಹರಿವೆ ಸೊಪ್ಪು ಹರಡಿಕೊಂಡು ಕೂತಿದ್ದು, ಗಿರಾಕಿ ಹೋದ ಮೇಲೆ ತುಳುವಿನಲ್ಲಿ ಅವನಿಗೆ ಚೆನ್ನಾಗಿ ಬೈದದ್ದು, ನಾನು ಅಲ್ಲೇ ಬಿದ್ದು ಬಿದ್ದು ನಕ್ಕದ್ದು ನೆನಪುಂಟಲ್ಲ. ಬೂಬಣ್ಣ ಹೋಟೆಲಿನ ಒಲೆ ಬಿಟ್ಟು, ಟಿಟ್ವಾಲಾ ಕಡೆ ಮ್ಹಾತ್ರೆ ಆಜಿಯ ಗದ್ದೆ ಗೇಣಿಗೆ ಹಿಡಿದು, ಊರಿನ ಬೀಜ ತರಿಸಿ ಹರಿವೆ, ಬಸಳೆ, ಅಲಸಂಡೆ, ಕೆಸು ಬೆಳೆಸುತ್ತಾರೆ ಅಂತ ಗೊತ್ತಾದದ್ದೇ ಅವತ್ತು. ಮೆಟ್ಟಿಲ ಮೇಲೆ ಕೂತು ಕಂಡಕಂಡವರಿಗೆ ಹಫ್ತೆ ಕೊಡುವುದು ಬೇಡ, ಶನಿವಾರ ನಮ್ಮ ಸಂಘದ ಆಫೀಸಿನ ಜಗಲಿಗೆ ಬನ್ನಿ ಅಂದವಳು ನಾನು. ಮೊದಲು ನೀವೊಬ್ಬರೇ, ಆಮೇಲೆ ನಿಮ್ಮ ಪಕ್ಕದ ಗದ್ದೆಯ ಮರಾಠಿ ಹೆಂಗಸರೂ ಬಂದರು. ಠಾಣೆ, ಕಳವಾ ಊರುಗಳಿಂದೆಲ್ಲ ನಮ್ಮೂರ ಕಡೆಯವರು ಚೀಲ ಹಿಡಿದು ಬರುತ್ತಿದ್ದರು. ನಗರದ ಹೊಸ ನಕ್ಷೆಯಲ್ಲಿ ನಿಮ್ಮ ಗದ್ದೆಗಳ ಹಸಿರು ಬಣ್ಣ ತೆಗೆದು ಹಳದಿ ಹಾಕುತ್ತಾರೆ, ಅಂದರೆ ಕಟ್ಟಡಕ್ಕೆ ಬಿಡುತ್ತಾರೆ ಅಂತ ಸುದ್ದಿ ಬಂದಾಗ ಆಕ್ಷೇಪದ ಅರ್ಜಿ ಬರೆದವಳೂ ನಾನೇ. ಗದ್ದೆ ಗದ್ದೆಯಾಗಿಯೇ ಇರಲಿ, ಬೆಳೆದವರು ತಾವೇ ಮಾರಲು ಪಾಲಿಕೆ ವಾರಕ್ಕೊಂದು ದಿನ ಜಾಗ ಕೊಡಲಿ ಅಂತ ಎರಡೇ ಬೇಡಿಕೆ. ಹಸಿರು ಇರುವ ತನಕ ಆಜಿಯ ಮಕ್ಕಳು ಬಿಲ್ಡರಿಗೆ ಮಾರುವಂತಿಲ್ಲ. ಹಳದಿಯಾದ ಮರುದಿನ ನಿಮಗೆ ಗಂಟುಮೂಟೆ ಕಟ್ಟಿ ಅನ್ನುತ್ತಾರೆ. ಇದು ನಿಮಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಆ ಬಿಲ್ಡರಿನ ಕಡೆಯವರು ನಮ್ಮ ಸಂಘಕ್ಕೆ ಬಂದರು. ಅಲ್ಲಿ ಏಳುವ ಕಟ್ಟಡದಲ್ಲಿ ಸಂಘಕ್ಕೆ ಒಂದಿಡೀ ಮಾಳಿಗೆ ಧರ್ಮಕ್ಕೆ ಕೊಡುತ್ತೇವೆ, ನೀವು ಈ ಗದ್ದೆಯ ಗೊಡವೆಗೆ ಹೋಗಬೇಡಿ ಅಂತ. ಅಕ್ಕ, ನಮ್ಮದೇ ಒಂದು ಹಾಲ್ ಅಂತ ಸಂಘದವರು ಎಷ್ಟು ವರ್ಷದಿಂದ ಬಾಯಿ ಬಿಡುತ್ತಿದ್ದಾರೆ ನಿಮಗೆ ಗೊತ್ತು. ತಾಳಮದ್ದಳೆಗೆ ಶಾಲೆಯ ಬೆಂಚು ಸರಿಸಬೇಕು. ನನ್ನ ಭಾನುವಾರದ ಕನ್ನಡ ಕ್ಲಾಸಿಗೆ ಟೆರೇಸೇ ಗತಿ, ಬಿಸಿಲಿಗೆ ಮಕ್ಕಳು ಬರುವುದೇ ನಿಂತಿತು. ನನ್ನ ಮೊಮ್ಮಗಳು ನಿಕಿತಾ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಹೊಟ್ಟೆ ಉರಿಯುತ್ತದೆ. ನಮ್ಮವರು ಸಂಘದ ಅಧ್ಯಕ್ಷರು, ಅವರ ಸ್ವಭಾವ ನಿಮಗೆ ಗೊತ್ತಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಬಂದ ಗಿರಾಕಿಯನ್ನು ಬಿಟ್ಟು ಗೊತ್ತಿಲ್ಲದವರು. ಮನೆಯಲ್ಲಿ ಜಗಳ, ಸಂಘದಲ್ಲಿ ಗುಸುಗುಸು. ಗಂಡ ಒಂದು ಕಡೆ, ನೀವು ಒಂದು ಕಡೆ, ನಡುವೆ ನಾನು. ಮಂಗಳವಾರ ನನ್ನ ಕಾಲು ಹಿಂದೆ ಎಳೆದದ್ದು ಅದೇ ಅಂತ ಇಟ್ಟುಕೊಳ್ಳಿ.

ಆಮೇಲೆ ಆ ಗಟಾರದ ಮಾತು. ಶ್ರಾವಣದ ಹೊತ್ತಿಗೆ ಎಲ್ಲರ ವಾಟ್ಸಾಪಿನಲ್ಲಿ ಹೆಸರಿಲ್ಲದ ಮೆಸೇಜಾಗಿ ಹರಡಿತಲ್ಲ, ಬಾಗಿಯ ಸೊಪ್ಪೆಲ್ಲ ಚರಂಡಿಯ ಕೊಳಕು ನೀರಿನಲ್ಲಿ ಬೆಳೆದದ್ದು, ತಿಂದರೆ ರೋಗ ಅಂತ. ಮುಂದಿನ ಶನಿವಾರ ಜಗಲಿಯಲ್ಲಿ ಕಾಗೆ ಕೂಡ ಇರಲಿಲ್ಲ. ನೀವು ಸುಮ್ಮನಿರಲಿಲ್ಲ. ನಿಮ್ಮ ಬಾವಿಯ ನೀರನ್ನು ಕ್ಯಾನಿನಲ್ಲಿ ತುಂಬಿ ಲೋಕಲಿನ ಲಗೇಜ್ ಡಬ್ಬಿಯಲ್ಲಿ ಹೊತ್ತು ತಂದು, ಬಂದ ನಾಲ್ಕು ಹೆಂಗಸರ ಮುಂದೆ ಲೋಟಕ್ಕೆ ಹೊಯ್ದು ಗಟಗಟ ಕುಡಿದಿರಿ. ನನಗೂ ಒಂದು ಲೋಟ ಕೊಟ್ಟಿರಿ. ನಾನೂ ಕುಡಿದೆ. ತಣ್ಣಗಿತ್ತು, ನಮ್ಮೂರಿನ ಬಾವಿ ನೀರಿನ ಹಾಗೆಯೇ ಸ್ವಲ್ಪ ಸಿಹಿ ಇತ್ತು. ಇಂಥ ಮಾತು ಹುಟ್ಟಿಸಿದ್ದು ಯಾರು ಟೀಚರೇ, ಅವರಿಗೆ ನಾನೇನು ಮಾಡಿದ್ದೆ ಅಂತ ನೀವು ಕೇಳಿದಿರಿ. ಕೆಲಸವಿಲ್ಲದವರು ಏನು ಬೇಕಾದರೂ ಹೇಳುತ್ತಾರೆ, ತಲೆಗೆ ಹಚ್ಚಿಕೊಳ್ಳಬೇಡಿ ಅಂದೆ. ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.

ನವರಾತ್ರಿಗೆ ಹೊಸ ತೆನೆಯ ಕುರಲ್ ಕೊಡಲು ನೀವು ಕರೆದಾಗ ನಾನು ಬರಬಾರದಿತ್ತು. ಅಷ್ಟು ನಷ್ಟದಲ್ಲೂ ಗದ್ದೆಯ ಒಂದು ಮೂಲೆಯಲ್ಲಿ ಭತ್ತ ಹಾಕಿ, ಪರವೂರಿನಲ್ಲಿರುವ ನಮ್ಮವರ ಬಾಗಿಲಿಗೆ ಹೊಸ ತೆನೆ ಇಲ್ಲದಂತಾಗಬಾರದು ಅಂತ ಕಾಯ್ದಿರಿಸುವವರು ಈ ಠಾಣೆ ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ? ನಿಮ್ಮನ್ನು ಬಿಟ್ಟು ಸೂಪರ್ ಮಾರ್ಕೆಟಿಗೆ ಓಡಿದವರೂ ಕುರಲಿಗೆ ಮಾತ್ರ ನಾಚಿಕೆ ಇಲ್ಲದೆ ಬಂದಿದ್ದರು. ಒಬ್ಬರನ್ನೂ ನೀವು ಬರಿಗೈಯಲ್ಲಿ ಕಳಿಸಲಿಲ್ಲ. ದೊಡ್ಡ ಕಟ್ಟನ್ನು ನನ್ನ ತಲೆಯ ಮೇಲಿಟ್ಟು, ನಮ್ಮ ಗದ್ದೆ ಉಳಿಸಲು ಓಡಾಡುತ್ತಿರುವ ಕೈಯಿದು ಅಂತ ಎಲ್ಲರ ಮುಂದೆ ನನ್ನ ಕೈ ಹಿಡಿದಿರಿ. ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ, ಬಂದದ್ದು ಮಾತ್ರ ತೆನೆ ಹೊರುವಾಗ ಸಮೃದ್ಧಿ ಕೋರಿ ಕೂಗುವ ಪೊಲಿ ಪೊಲಿ ಅಂತ. ಮನೆಗೆ ತಂದು ಬಾಗಿಲಿಗೂ ಕಟ್ಟಿದೆ, ಹೊಸ ಅಕ್ಕಿ ಊಟವೂ ಆಯಿತು. ನನ್ನಷ್ಟು ಗಟ್ಟಿ ಮುಖದವಳು ಇನ್ನೊಬ್ಬಳಿಲ್ಲ.

ಬರುವ ಮಂಗಳವಾರ ನಾನು ಬಂದೇ ಬರುತ್ತೇನೆ. ನಿಮ್ಮ ಜೊತೆ ಒಂದೇ ರಿಕ್ಷಾದಲ್ಲಿ ಕೂತು ಬರುತ್ತೇನೆ, ನೀವು ಒಪ್ಪಿದರೆ. ಸಾಹೇಬರ ಮುಂದೆ ನೆಟ್ಟಗೆ ಮಾತಾಡುತ್ತೇನೆ. ಈ ಗದ್ದೆಯವರಿಗೆ ನಾವು ಉಪಕಾರ ಮಾಡುತ್ತಿಲ್ಲ ಸಾಹೇಬ್, ನಮ್ಮ ಅಡುಗೆಮನೆ ನಡೆಯುವುದು ಅವರಿಂದ ಅಂತ ಹೇಳುತ್ತೇನೆ. ಬೇರೆ ಪೇಟೆಯ ಲಾರಿ ನಾಲ್ಕು ದಿನ ಬಾರದಿದ್ದರೆ ನಮ್ಮ ತಟ್ಟೆಗೆ ಸೊಪ್ಪು ಎಲ್ಲಿಂದ ಅಂತ ಕೇಳುತ್ತೇನೆ. ನಕ್ಷೆಯಲ್ಲಿ ಹಸಿರು ಬಣ್ಣ ಬಿಟ್ಟರೆ ಸಾಲದು, ಮಾರಲು ಜಾಗ ಕೊಡಿ, ನೀರಿನ ಪರೀಕ್ಷೆ ಪಾಲಿಕೆಯೇ ಮಾಡಿಸಿ ಬೋರ್ಡು ಹಾಕಲಿ, ಆಮೇಲೆ ಯಾರೂ ಬಾಯಿಗೆ ಬಂದದ್ದು ಹೇಳುವ ಹಾಗಿರಬಾರದು ಅಂತಲೂ ಹೇಳುತ್ತೇನೆ. ನಾಗವೇಣಿ ಮನೆಮನೆಗೆ ಹೋಗುತ್ತಿದ್ದಾಳೆ. ಈ ಸಲ ಹೆಂಗಸರನ್ನು ಕರೆದುಕೊಂಡು ಬರುತ್ತಾಳಂತೆ.

ಬೂಬಣ್ಣನಿಗೆ ನನ್ನ ನಮಸ್ಕಾರ ಹೇಳಿ. ಕಾಗದ ಓದಿದ ಮೇಲೂ ಹೇಳಬೇಕು ಅನಿಸಿದರೆ ಹೇಳಿ.

ನಿಮ್ಮ ತಂಗಿ ಅಂತ ಬರೆದು ಹೊಡೆದುಹಾಕಿದ,
ಪುಷ್ಪಾವತಿ

ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು:

ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ನಮ್ಮವರ ಬಗ್ಗೆ ಬರೆದದ್ದನ್ನು ನಂಬಬೇಡಿ. ಬಿಲ್ಡರಿನವರು ಬಂದ ದಿನವೇ ಇವರು, ಬಾಗಿಯ ಗದ್ದೆಯ ಮೇಲೆ ನಮಗೆ ಹಾಲ್ ಬೇಡ ಅಂತ ಎದ್ದು ಹೋದರು. ಹಾಲ್ ಬೇಕಾಗಿದ್ದು ನನಗೆ. ನನ್ನ ಕನ್ನಡ ಕ್ಲಾಸಿಗೆ, ಫ್ಯಾನ್ ಇರುವ ಒಂದು ಕೋಣೆಗೆ. ಕನ್ನಡ ಉಳಿಸುತ್ತೇನೆ ಅಂತ ಹೊರಟವಳು ಕನ್ನಡದಲ್ಲಿ ಈ ಕಾಗದ ಓದಬಲ್ಲ ನಿಮ್ಮ ಅನ್ನಕ್ಕೇ ಕಲ್ಲು ಹಾಕಿದೆ. ನಿಮ್ಮ ಸೊಪ್ಪಿಗೆ ಗಟಾರದ ನೀರು ಅಂತ ಮೊದಲು ಹೇಳಿದ್ದು ನಾನೇ ಅಕ್ಕ. ಬಿಲ್ಡರಿನ ಮನುಷ್ಯ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಕೇಳಿದ, ರೇಷ್ಮೆ ಸೀರೆ ಉಟ್ಟು, ಒಳ್ಳೇ ಮರಾಠಿಯಲ್ಲಿ, ನಗುನಗುತ್ತಾ ಹೇಳಿದೆ. ನಿಮ್ಮ ಬಾವಿಯನ್ನು ಕಣ್ಣಾರೆ ಕಂಡವಳು ಹೇಳಿದೆ. ಮೊನ್ನೆ ಸುನಾವಣಿಯಲ್ಲಿ ಆ ವಿಡಿಯೋ ತೋರಿಸುತ್ತಾರೆ ಅಂತ ಗೊತ್ತಾಗಿ ನಾನು ಸ್ಕೈವಾಕಿನಿಂದಲೇ ಓಡಿದ್ದು. ಇದು ಗೊತ್ತಾದ ದಿನದಿಂದ ನಮ್ಮವರು ನನ್ನ ಹತ್ತಿರ ಮಾತಾಡುತ್ತಿಲ್ಲ.

ಮೊನ್ನೆ ತೋರಿಸದಿದ್ದರೂ ಬರುವ ಮಂಗಳವಾರ ಖಂಡಿತ ತೋರಿಸುತ್ತಾರೆ. ಅದು ಸುಳ್ಳು ಅಂತ ಹೇಳಬಲ್ಲವಳು ನಾನೊಬ್ಬಳೇ, ಅದಕ್ಕೇ ಬರುತ್ತೇನೆ. ಅಲ್ಲಿ ಎಲ್ಲರ ಮುಂದೆ ನಿಮಗೆ ತಿಳಿಯುವುದು ಬೇಡ ಅಂತ ಇಲ್ಲಿ ಬರೆದೆ. ಎಲ್ಲರೂ ತಿರುಗಿ ನನ್ನನ್ನು ನೋಡುವಾಗ, ನಮ್ಮ ಟೀಚರ್ ಅಂಥವರಲ್ಲ ಅಂತ ನೀವು ಮತ್ತೆ ಎದ್ದು ನಿಂತುಬಿಡುತ್ತೀರೋ ಅಂತ ನನಗೆ ಭಯ. ದಮ್ಮಯ್ಯ ಅಕ್ಕ, ನೀವು ಕೂತೇ ಇರಿ.