ನಿಂತುಹೋದ ಕರೆಂಟು

ಐನಾಪುರ

ಭಾವುಸಾಹೇಬ ಕಾಕಾ ಅವರಿಗೆ, ಜಯ ಜಿನೇಂದ್ರ.

ನಾವಿರುವ ನಿಮ್ಮ ಬಾಡಿಗೆ ಮನೆಗೆ ನೀವು ಹಾಕಿಸಿದ ಪ್ರೀಪೇಡ್ ಮೀಟರಿನಲ್ಲಿ ತಿಂಗಳಿಡೀ ಬರಬೇಕಾದ ರೀಚಾರ್ಜ್ ನಿನ್ನೆ ಮಧ್ಯಾಹ್ನವೇ ಮುಗಿಯಿತು. ಕರೆಂಟು ಹೋಗಿ ನಮ್ಮ ಅತ್ತೆಯವರ ಆಕ್ಸಿಜನ್ ಯಂತ್ರ ನಿಂತು, ಅವರ ತುಟಿ ನೀಲಿಗಟ್ಟಿತು. ಪಕ್ಕದ ಮನೆಯ ಕಾಜಲ ಓಡಿಬಂದು, ತನ್ನ ಮನೆಯಿಂದ ವೈರು ಎಳೆದು ಯಂತ್ರ ನಡೆಸಿದಳು.

ನಿಮ್ಮ ಮಗ ಶ್ರೇಣಿಕನಿಗೆ ಫೋನ್ ಮಾಡಿದೆ. "ಯುನಿಟ್ ರೇಟ ಏರಸೇವ್ರಿ. ಆಗಂಗಿಲ್ಲಂದ್ರ ಮನಿ ಖಾಲಿ ಮಾಡ್ರಿ" ಎಂದ. ಹೇಳದೆ ಏರಿಸಿದ್ದನ್ನು ನಾನು ಒಪ್ಪಲಾರೆ. ಆದರೆ ಆ ಮಾತು ಆಮೇಲೆ ಆಡೋಣ.

ಅತ್ತೆ ಈಗ ಕಣ್ಣು ಮುಚ್ಚುತ್ತಿಲ್ಲ. "ನಾ ಮಕ್ಕೊಂಡಾಗ ಮತ್ತ ಬಂದ್ ಆದ್ರ?" ಎನ್ನುತ್ತಾರೆ. ರೀಚಾರ್ಜ್ ಮುಗಿದರೂ ಕರೆಂಟು ಕಡಿಯದಂತೆ ಮೀಟರು ಸರಿಮಾಡಿಸಿ, ಇಂದೇ ಬಂದು ಅವರಿಗೆ ನೀವೇ ಹೇಳಿ. ನನ್ನ ಮಾತನ್ನು ಅವರು ನಂಬುತ್ತಿಲ್ಲ. ಮೀಟರು ನನ್ನ ಕೈಯಲ್ಲಿಲ್ಲವೆಂದು ಅವರಿಗೆ ಗೊತ್ತು.

ನಿಮ್ಮ ದಾರಿ ಕಾಯುತ್ತಿರುವ,
ರಾಜಮತಿ