ಮೆಣಸಿನಕಾಯಿ ಸುಟ್ಟು ನೋಡಿದ ಗಾಳಿ ಪೈಪು

ಅವ್ವಾ, ನಿನ್ನ ಮಗಳು ಶಾಂತಿ ಬರೆಯುತ್ತಿದ್ದೇನೆ,

ನಾನು ಪ್ಲಂಬಿಂಗ್ ಕಲಿಯುತ್ತೇನೆ ಎಂದ ದಿನ ನೀನು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದ್ದೆ, ನೆನಪಿದೆಯಾ? "ಮಂದಿ ಹೊಲಸಿನಾಗ ಕೈ ಹಾಕಾಕ ನಿನ್ನ ಇಷ್ಟ ಓದಸೀನೇನ?" ಅಂದವಳು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ರಾಣೇಬೆನ್ನೂರು ಪೇಟೆಗೆ ಹೋಗಿ ನನಗೊಂದು ಪೈಪು ತಿರುಗಿಸುವ ಪಾನಾ ಕೊಂಡು ತಂದೆ. ನಿನ್ನಂಥವಳ ಜೊತೆ ಜಗಳವಾಡುವುದಾದರೂ ಹೇಗೆ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತರೆ ನೀನು ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ನೀರಡಿಕೆ ಆಗುವುದಿಲ್ಲವಾ ಅಂದರೆ ನಗುತ್ತಿದ್ದೆ. ಅಲ್ಲಿ ಒಂದಕ್ಕೆ ಹೋಗಲು ಜಾಗವಿಲ್ಲ ಅನ್ನುವುದು ನನಗೆ ತಿಳಿಯುವಷ್ಟರಲ್ಲಿ ನಿನಗೆ ಉರಿಮೂತ್ರ ಶುರುವಾಗಿ, ಅದೇ ನಿನ್ನನ್ನು ಕರೆದೊಯ್ದು... ಇರಲಿ ಬಿಡು, ಇವತ್ತು ಅಳುವ ದಿನವಲ್ಲ.

ಹೋದ ತಿಂಗಳು ಅಲ್ಲಿನ ಒಬ್ಬ ಸಾವುಕಾರರು ಕರೆಸಿದರು. ಅವರ ನೆಲಮಾಳಿಗೆಯಲ್ಲಿ ನಲವತ್ತು ಹೆಂಗಸರು ತೊಟ್ಟು ಬಿಡಿಸುತ್ತಾರೆ, ನಿನ್ನ ಗೆಳತಿ ಫಾತಿಮಾ ಚಾಚಿಯೂ. ಅಲ್ಲೇ ಅವರಿಗೊಂದು ಬಾತ್‌ರೂಮು ಆಗಬೇಕಂತೆ. ರಸ್ತೆಯ ಗಟಾರು ನಮ್ಮ ತಲೆಗಿಂತ ಮೇಲಿದೆ. ಹೊಲಸು ತಾನಾಗಿ ಹತ್ತುತ್ತದೆಯೇ? ಗುಂಡಿ ತೋಡಿಸಿ, ಮೇಲಕ್ಕೆ ದೂಡುವ ಪಂಪು ಇಟ್ಟೆ. ಗುಂಡಿ ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು, ಪಂಪು ಎಳೆಯುವಾಗ ಹೊರಗಿನದು ಒಳಗೆ ಬರಬೇಕು. ಅದಕ್ಕೆಂದೇ ಅಂಗಡಿಯ ಮೇಲಿನ ಮಾಳಿಗೆ ದಾಟಿ ಹೋಗುವ ಗಾಳಿ ಪೈಪು. ಸಾವುಕಾರರ ಮಾತು ಒಂದೇ: ಒಮ್ಮೆ ನಾತ ಮೇಲೆ ಬಂದರೂ ಬಾತ್‌ರೂಮಿಗೆ ಬೀಗ, ಒಳಗೆ ಮೆಣಸಿನಕಾಯಿ ಚೀಲ.

ನಡುವೆ ಹಾವೇರಿಯ ಕೆಲಸಕ್ಕೆ ಮೂರು ದಿನ ಹೋಗಿ ಬಂದರೆ ಗೋಡೆಗೆಲ್ಲ ಗಿಲಾವು ಮುಗಿದಿತ್ತು, ಪೈಪು ಎಲ್ಲಿ ಹಾಯ್ದಿದೆಯೋ ಕಾಣುತ್ತಿರಲಿಲ್ಲ. ಯಾಕೋ ಮನಸ್ಸು ಒಪ್ಪಲಿಲ್ಲ. ಇನ್ನೂ ಹನಿ ನೀರು ಬೀಳದ ಆ ಗುಂಡಿಗೆ ಕೆಂಡದ ಬುಟ್ಟಿ ಇಳಿಸಿ, ಒಂದು ಹಿಡಿ ಮೆಣಸಿನಕಾಯಿ ಹಾಕಿ ಮುಚ್ಚಳ ಬಿಗಿದೆ. ಘಾಟು ಮಾಳಿಗೆಯ ಮೇಲೆ ಬರಬೇಕಿತ್ತು. ಬಂದದ್ದು ಸಾವುಕಾರರು ಕೂರುವ ಗಾದಿಗೆ. ಕೆಮ್ಮಿ ಕೆಮ್ಮಿ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಪ್ಪಿಕೊಂಡರು: "ಮ್ಯಾಲೆ ದೇವರ ಜಗಲಿ ಐತಿ. ಅದರ ಮಗ್ಗಲಾಗ ಸಂಡಾಸದ ಪೈಪ ಹಾಯೂದು ಬ್ಯಾಡಂತ ನಾನ ಗಿಲಾವು ಮಾಡೂ ಗೌಂಡಿಗೆ ಹೇಳಿ ಕಡಿಸೀನಿ." ದೇವರಿಗೆ ತಾಗಬಾರದೆಂದ ಗಾಳಿಯನ್ನು ತಮ್ಮ ನೆತ್ತಿಯ ಮೇಲೇ ಬಿಟ್ಟುಕೊಂಡಿದ್ದರು ಪುಣ್ಯಾತ್ಮರು. ಸಿಟ್ಟು ಬರಬೇಕಿತ್ತು, ನಗು ಬಂತು.

ಜಗಲಿಯ ಕಡೆ ಸುಳಿಯದ ಹಾಗೆ ಹಿಂದಿನ ಗೋಡೆಯ ಹೊರಗಿನಿಂದ ಪೈಪು ಏರಿಸಿ, ಮಾಳಿಗೆಗಿಂತ ಆಳೆತ್ತರ ಮೇಲೆ ಬಿಟ್ಟೆ. ಮತ್ತೆ ಕೆಂಡ, ಮತ್ತೆ ಮೆಣಸಿನಕಾಯಿ, ಈ ಸಲ ಎರಡು ಹಿಡಿ. ನಲವತ್ತು ಜನ ಕೈ ನಿಲ್ಲಿಸಿ ಮೂಗು ಎತ್ತಿ ಕೂತರು. ಒಂದು ಸೀನೂ ಇಲ್ಲ. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ಭಾರಿ ದೃಷ್ಟಿಯೇ ತಾಗಿತ್ತು ಅನ್ನುತ್ತಿದ್ದೆಯಲ್ಲ, ಚಾಚಿಯೂ ಹಾಗೇ ತಿಳಿದಳು. "ಇಷ್ಟ ಸುಟ್ಟರೂ ಘಾಟ ಇಲ್ಲಂದ್ರ, ಈ ಸಂಡಾಸಕ್ಕ ಯಾರ ದೃಷ್ಟಿ ಬಿದ್ದಿತ್ತವಾ?" ಎಂದಳು. ಎಲ್ಲರೂ ಸಾವುಕಾರರ ಕಡೆ ನೋಡಿದರು. ಪೈಪಿನ ವಿಷಯ ತಿಳಿಸಿ ಹೇಳುವುದು ಬಿಟ್ಟು ನಾನು ನಿನ್ನ ಪಾನಾ ಒರೆಸಿ ಚೀಲಕ್ಕೆ ಹಾಕಿದೆ.

ಈಗ ಹದಿನೈದು ದಿನವಾಯಿತು. ನಾತವಿಲ್ಲ, ಬೀಗವೂ ಇಲ್ಲ. ಚಾಚಿ ಕೆಲಸದ ನಡುವೆ ಎರಡು ಸಲ ಚಹಾ ಕುಡಿಯುತ್ತಾಳೆ, ಅದೂ ಕಪ್ಪು ತುಂಬ.

ನಿನ್ನೆ ಬ್ಯಾಡಗಿಯ ಇನ್ನೊಂದು ಅಂಗಡಿಯಿಂದ ಫೋನು ಬಂತು. ವಿಳಾಸ ಬರೆದುಕೊಂಡು ಇನ್ನೊಮ್ಮೆ ಓದಿದೆ. ನೀನು ಇಪ್ಪತ್ತು ವರ್ಷ ಕೂತು ಎದ್ದ ನೆಲಮಾಳಿಗೆ ಅದು, ಅವ್ವಾ. ಸೋಮವಾರ ಅಲ್ಲಿ ಗುಂಡಿ ತೋಡಿಸುತ್ತೇನೆ. ನಿನ್ನಾಣೆ, ಗಾಳಿ ಪೈಪಿನ ಒಂದು ಗೇಣನ್ನೂ ಯಾವ ಸಾವುಕಾರರಿಗೂ ಕಡಿಯಲು ಬಿಡುವುದಿಲ್ಲ.