ಖಾಲಿ ಬಸ್ಸಿನೊಳಗೆ ಒಬ್ಬ ವ್ಯಕ್ತಿ

ಪ್ರಾಂತ್ಯದ ರಸ್ತೆ ಮತ್ತು ಸೇತುವೆ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ನೋಟಿಸ್ ತಲುಪಿದೆ. ಪೆತ್ರಾಮಾರಾ ಸೇತುವೆಯನ್ನು ಬಸ್ಸು ಖಾಲಿಯಾಗಿ ದಾಟಬೇಕೆಂಬ ಆದೇಶವನ್ನು ಚಾಲಕನಾದ ನಾನು ಮುರಿದಿದ್ದೇನಂತೆ. ನನ್ನನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿದ್ದೀರಿ. ನಿಮ್ಮ ಕಚೇರಿಗೆ ಬರೆಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಗೊತ್ತಿರುವುದರಿಂದ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ.

ಎರಡು ವರ್ಷದ ಹಿಂದೆ ನೀವು ಆ ಸೇತುವೆಯ ಕಾಂಕ್ರೀಟ್ ತೊಲೆಗಳಿಗೆ ನಾಣ್ಯದಷ್ಟಗಲದ ಬಿಲ್ಲೆಗಳನ್ನು ಅಂಟಿಸಿದಿರಿ. ಪೀಜೋ ಸೆನ್ಸರ್ ಎಂದು ಅವುಗಳ ಹೆಸರು. ಅಂಟಿಸಲು ಬಂದ ಎಂಜಿನಿಯರ್ ಲೊರೆದಾನಾ ನನಗೆ ಬಿಡಿಸಿ ಹೇಳಿದ್ದಳು. "ಒಂದು ಬಿಲ್ಲೆ ಅದುರಿ ಕಾಂಕ್ರೀಟನ್ನ ತಟ್ಟುತ್ತೆ, ಇನ್ನೊಂದು ಕೇಳಿಸ್ಕೊಳ್ಳುತ್ತೆ. ಮಡಕೆ ತಟ್ಟಿ ನೋಡಿ ತಗೊಳ್ಳಲ್ವಾ, ಹಂಗೆ. ಒಳಗೆ ಬಿರುಕು ಬಿಟ್ರೆ ಸದ್ದು ಬದಲಾಗುತ್ತೆ." ಆಮೇಲೆ ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದಳು. "ಇಲ್ಲಿ ಎಗರಿದೆಯಲ್ಲ ಸವೇರಿಯೊ, ಇದು ನೀನು. ಬೆಳಗ್ಗೆ ಬಸ್ ದಾಟಿಸಿದ್ದು." ಉದ್ಘಾಟನೆಯ ದಿನ ಪಾದ್ರಿಗಳು ಬಿಲ್ಲೆಗಳಿಗೆ ಪವಿತ್ರಜಲ ಚಿಮುಕಿಸಿದರು. ನೀವು ಕತ್ತರಿ ಹಿಡಿದು, ಇನ್ನು ಸೇತುವೆಯೇ ಮಾತಾಡುತ್ತದೆ ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು.

ಈ ಚಳಿಗಾಲದಲ್ಲಿ ಸೇತುವೆ ಮಾತಾಡಿತು. ಮೂರನೆಯ ಕಂಬದ ಮೇಲಿನ ತೊಲೆ ಒಳಗೊಳಗೇ ಬಿರುಕು ಬಿಡುತ್ತಿದೆ ಎಂದಿತು. ನೀವೇನು ಮಾಡಿದಿರಿ? ಬಿಲ್ಲೆಗಳೇ ಚಳಿಗೆ ಕೆಟ್ಟಿವೆ ಎಂದು ಕಿತ್ತು ಹೊಸವನ್ನು ಹಾಕಿಸಿದಿರಿ. ಜ್ವರ ತೋರಿಸಿದ ಥರ್ಮಾಮೀಟರಿಗೆ ಮದ್ದು ಕುಡಿಸುವ ವೈದ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಸ ಬಿಲ್ಲೆಗಳೂ ಅದನ್ನೇ ಹೇಳಿದವು. ಯಾವ ಗಾಡಿಯನ್ನೂ ಬಿಡಬಾರದು ಎಂದು ಲೊರೆದಾನಾ ಬರೆದುಕೊಟ್ಟಳು. ಅವಳನ್ನು ಬೀದಿದೀಪದ ವಿಭಾಗಕ್ಕೆ ಎತ್ತಿಹಾಕಿದಿರಿ. ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ನಮ್ಮ ಸೇತುವೆಗಂತೂ ನೀವೇ ಕಿವಿ ಕೊಟ್ಟಿರಿ, ಆದರೆ ನಿಮ್ಮದನ್ನು ಮುಚ್ಚಿಕೊಂಡಿರಿ.

ಆಮೇಲೆ ಬಂದದ್ದು ಆ ಘನವಾದ ಆದೇಶ. ಪ್ರಯಾಣಿಕರು ಇಳಿದು ಸೇತುವೆಯನ್ನು ನಡೆದು ದಾಟಬೇಕು, ಬಸ್ಸು ಹಿಂದಿನಿಂದ ಖಾಲಿಯಾಗಿ ಬರಬೇಕು. ಸ್ವಾಮಿ, ಖಾಲಿ ಬಸ್ಸು ತಾನಾಗಿ ಬರುತ್ತದೆಯೇ? ಅಥವಾ ಪಾದ್ರಿಗಳು ಅದಕ್ಕೂ ಪವಿತ್ರಜಲ ಚಿಮುಕಿಸುತ್ತಾರೆಯೇ?

ಊರಿಗೆಲ್ಲ ಚಿಕ್ಕಮ್ಮನಾದ ಜೆಸುಮಿನಾ ಸಂತೆಗೆಂದು ಬಸ್ಸು ಹತ್ತುತ್ತಾಳೆ. ವಯಸ್ಸು ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು. ಆದೇಶದ ಫಲಕವನ್ನು ಮೊದಲ ಸಲ ಓದಿದಾಗ ಕೇಳಿದಳು, "ಬಸ್ಸು ಖಾಲಿ ಅಂತ ಬರ್ದವ್ರಲ್ಲ ಮಗಾ, ಹಂಗಾದ್ರೆ ನೀನೇನು, ದೃಷ್ಟಿಗೆ ಅಂತ ಕನ್ನಡೀಲಿ ನೇತಾಕಿರೋ ಕೆಂಪು ಕೊಂಬಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದಿನಿಂದ ಮೂರನೆಯ ಕಂಬ ಬಂದಾಗಲೆಲ್ಲ ಉಸಿರು ಬಿಗಿಹಿಡಿದೇ ದಾಟುತ್ತೇನೆ. ಭಯವಾಗುತ್ತದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಹೋದ ವಾರ ಎಲ್ಲರೂ ಇಳಿದರು, ಅವಳು ಇಳಿಯಲಿಲ್ಲ.

"ಇಳಿ ಚಿಕ್ಕಮ್ಮ, ನನ್ನ ಕೆಲಸ ಹೋಗುತ್ತೆ," ಎಂದೆ.

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ನಿನ್ನ ಹೆತ್ತಾಗ ನಿಮ್ಮಮ್ಮನ ಕೈ ಹಿಡ್ಕೊಂಡಿದ್ದೋಳು ನಾನು. ನಿನ್ನೊಬ್ಬನ್ನೇ ಕಳಿಸು ಅಂತೀಯಾ? ಗಾಡಿ ಬಿಡು, ಬಾಯ್ಮುಚ್ಕೊಂಡು."

ಬಿಟ್ಟೆ. ದಾಟುವವರೆಗೂ ಅವಳ ಕೈ ನನ್ನ ಹೆಗಲ ಮೇಲಿತ್ತು. ಆಚೆ ತುದಿಯಲ್ಲಿ ನಿಮ್ಮ ಕಾವಲುಗಾರ ಅದನ್ನು ನೋಡಿ ವರದಿ ಮಾಡಿದ. ಅದನ್ನು ಹಿಡಿದು ನಿಮ್ಮ ಕಚೇರಿ ನೋಟಿಸಿನಲ್ಲಿ ಬರೆದಿದೆ: "ಬಸ್ಸಿನೊಳಗೆ ಒಬ್ಬ ವ್ಯಕ್ತಿ ಇದ್ದುದು ಕಂಡುಬಂದಿದೆ."

ಒಬ್ಬ. ಆ ವ್ಯಕ್ತಿ ಜೆಸುಮಿನಾ. ನಾಣ್ಯದಷ್ಟಿರುವ ಬಿಲ್ಲೆಗೆ ನಾನು ದಾಟಿದ್ದು ತಿಳಿಯುತ್ತದೆ, ನಿಮಗೆ ತಿಳಿಯುವುದಿಲ್ಲ. ನಮ್ಮಂಥವರು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಸೇತುವೆಯನ್ನು ಇಂದೇ ಮುಚ್ಚಿ, ಆ ತೊಲೆಯನ್ನು ಸರಿಮಾಡಿಸಿ. ಅಲ್ಲಿಯವರೆಗೆ ಬೆಟ್ಟದ ಹಳೆಯ ರಸ್ತೆಯ ಮೇಲೆ ಕುಸಿದು ಬಿದ್ದಿರುವ ಮಣ್ಣು ತೆಗೆಸಿಕೊಡಿ, ನಾನು ಸುತ್ತಿಬಳಸಿಯಾದರೂ ಎಲ್ಲರನ್ನೂ ಕೂರಿಸಿಕೊಂಡೇ ಓಡಿಸುತ್ತೇನೆ. ಇದಾಗದಿದ್ದರೆ ಸೋಮವಾರ ಬೆಳಗ್ಗೆ ಬನ್ನಿ, ಬಸ್ಸನ್ನು ನೀವೇ ದಾಟಿಸಿ. ಆದೇಶ ಮುರಿಯುತ್ತದೆಂಬ ಚಿಂತೆ ಬೇಡ. ಚಾಲಕನ ಆ ಸೀಟಿನಲ್ಲಿ ಯಾರು ಕೂತರೂ ಬಸ್ಸು ಖಾಲಿಯೇ. ಚಿಕ್ಕಮ್ಮನ ಬುಟ್ಟಿ ಹಿಡಿದುಕೊಂಡು ನಾನು ಮುಂದೆ ನಡೆದಿರುತ್ತೇನೆ.

ಇಂತಿ,
ನಿಮ್ಮ ಪ್ರಕಾರ ಬಸ್ಸಿನಲ್ಲಿ ಇಲ್ಲದ,
ಸವೇರಿಯೊ
ಪೆತ್ರಾಮಾರಾ ಮಾರ್ಗದ ಚಾಲಕ